ಐವರಿಲ್ಲದ ಊರು, ಮಗುವಿರುವ ಮನೆ

ಎಲ್ಲಿ ಮನೆ ಹೂಡಬೇಕು ಎಂದು ಹೇಳುವ ಗ್ರಂಥಗಳು ಬೇಕಾದಷ್ಟಿವೆ. ಎಲ್ಲಿ ಇರಲೇಬಾರದು ಎಂದು ನೇರವಾಗಿ ಹೇಳುವ ಒಂದು ಸಂಸ್ಕೃತ ಸುಭಾಷಿತ ಚಾಣಕ್ಯನ ಹೆಸರಿನ ನೀತಿಸಂಗ್ರಹದಲ್ಲಿದೆ. ಹಣವಂತ, ವೇದ ಬಲ್ಲವನು, ಅರಸ, ಹೊಳೆ, ವೈದ್ಯ, ಈ ಐದೂ ಇಲ್ಲದ ಕಡೆ ಒಂದು ದಿನವೂ ನಿಲ್ಲಬೇಡ ಎಂಬುದು ಅದರ ತಾತ್ಪರ್ಯ. ಹಿತೋಪದೇಶದಲ್ಲಿ ಇದರ ಒಡಹುಟ್ಟಿದಂಥ ಇನ್ನೊಂದು ಶ್ಲೋಕವಿದೆ. ಅಲ್ಲಿ ಅರಸನನ್ನು ಕೈಬಿಟ್ಟು ಪಟ್ಟಿಯನ್ನು ನಾಲ್ಕಕ್ಕೆ ಇಳಿಸಲಾಗಿದೆ, ಹಣವಂತನ ಜಾಗದಲ್ಲಿ ಸಾಲ ಕೊಡುವವನು ಬಂದಿದ್ದಾನೆ. ಹೊಳೆಯ ವಿಷಯದಲ್ಲಿ ಒಂದು ಎಚ್ಚರಿಕೆಯೂ ಸೇರಿದೆ: ಹೊಳೆಯಿದ್ದರೆ ಸಾಲದು, ಅದರಲ್ಲಿ ನೀರಿರಬೇಕು.

ಈ ಮಾತಿಗೆ ಈಗ ಮಲೆನಾಡಿನಲ್ಲಿ ಹೊಸ ಅಗತ್ಯ ಬಂದಿದೆ. 2020ರಲ್ಲಿ ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವಂತಾಯಿತು. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಹೊಸನಗರದ ಕಡೆ ಎರಡೆಕರೆ ಅಡಿಕೆ ತೋಟ, ಅದರ ತಲೆಯಲ್ಲೊಂದು ಹಂಚಿನ ಒಂಟಿಮನೆ ಹುಡುಕಿಕೊಂಡು ಬೆಂಗಳೂರಿನಿಂದ ಎಳೆಯ ದಂಪತಿಗಳು ಬರುತ್ತಾರೆ. ಬರುವುದು ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಬಿಸಿಲು ಹಿತವಾಗಿರುತ್ತದೆ, ಹಳ್ಳದಲ್ಲಿ ನೀರು ಹರಿಯುತ್ತಿರುತ್ತದೆ, ಮಗು ಅಂಗಳದಲ್ಲಿ ಕೋಳಿಯ ಹಿಂದೆ ಓಡುತ್ತದೆ. ಅಂಥ ಹೊತ್ತಿನಲ್ಲಿ ಯಾರಿಗಾದರೂ ಮನಸ್ಸು ಸೋಲುವುದು ಸಹಜ. ಆದರೆ ಸುಭಾಷಿತದಲ್ಲಿ ಮನೆಯ ಸುದ್ದಿಯೇ ಇಲ್ಲ. ಅಂಗಳ, ಜಗಲಿ, ಎದುರಿನ ಗುಡ್ಡ ಯಾವುದೂ ಅದರ ಲೆಕ್ಕಕ್ಕೆ ಬಂದಿಲ್ಲ. ಒಂದು ಹೊಳೆಯನ್ನು ಬಿಟ್ಟರೆ ಉಳಿದ ನಾಲ್ಕೂ ಮನುಷ್ಯರು.

ಹಿಂದಿನವರು ಒಂಟಿಮನೆಯಲ್ಲಿ ಬದುಕಲಿಲ್ಲವೇ ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಬದುಕಿದರು. ಆದರೆ ಆ ಮನೆಗಳು ಒಳಗಿನಿಂದ ಒಂಟಿಯಾಗಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮನೆ ಈಗ ಕವಿಮನೆ ಎಂಬ ವಸ್ತುಸಂಗ್ರಹಾಲಯವಾಗಿದೆ. ಸುತ್ತ ಕಾಡು, ನಡುವೆ ಮೂರು ಅಂತಸ್ತಿನ ಮನೆ. ಅದರ ಒಲೆ, ಕಣಜ, ಹಂಡೆಗಳ ಗಾತ್ರ ನೋಡಿದರೇ ಅಲ್ಲಿ ದಿನಕ್ಕೆ ಎಷ್ಟು ಜನ ಉಣ್ಣುತ್ತಿದ್ದರೆಂದು ಊಹಿಸಬಹುದು. ಕೂಡುಕುಟುಂಬ, ಆಳುಕಾಳು, ಬಂದುಹೋಗುವ ನೆಂಟರು ಸೇರಿ ಒಂದು ಮನೆಯೇ ಒಂದು ಊರಾಗಿತ್ತು. ಶಾಲೆ ದೂರವಿದ್ದುದರಿಂದ ದಕ್ಷಿಣ ಕನ್ನಡದಿಂದ ಮೇಷ್ಟರನ್ನೇ ಕರೆಸಿ ಮನೆಯಲ್ಲಿ ಪಾಠ ಹೇಳಿಸಿದರು. ಮುಂದೆ ಓದಲು ಬಾಲಕ ತೀರ್ಥಹಳ್ಳಿಗೆ ಹೋಗಬೇಕಾಯಿತು. ಅದೇ ಕಾಡಿನ ನಡುವೆ ಗಂಡ, ಹೆಂಡತಿ, ಎರಡು ವರ್ಷದ ಮಗು ಮೂವರೇ ಹೋಗಿ ಕೂತರೆ, ವಿಳಾಸ ಹಳೆಯದೇ ಆದರೂ ಬದುಕು ಅದಲ್ಲ. ಗಂಡ ಪೇಟೆಗೆ ಹೋದ ದಿನ ಆ ಮನೆಯಲ್ಲಿ ದೊಡ್ಡವರೆಂದು ಉಳಿಯುವುದು ಒಬ್ಬಳೇ. ಸುಭಾಷಿತದ ಐದನ್ನೂ ಅಳೆಯಬೇಕಾದದ್ದು ಆ ಒಬ್ಬಳು ನಿಂತ ಜಾಗದಿಂದ, ಆಷಾಢದ ಒಂದು ರಾತ್ರಿಯಲ್ಲಿ.

ಮೊದಲು ನೀರು. ಘಟ್ಟದ ಒಂಟಿಮನೆಗಳಿಗೆ ಬಹಳ ಕಡೆ ಅಬ್ಬಿ ನೀರೇ ಆಧಾರ. ಮೇಲಿನ ಗುಡ್ಡದ ಒರತೆಗೆ ಸಣ್ಣ ಕಟ್ಟೆ ಕಟ್ಟಿ, ಪೈಪಿನ ಬಾಯಿಗೆ ಸೊಳ್ಳೆಪರದೆಯ ತುಂಡು ಸುತ್ತಿ, ಕಾಡಿನೊಳಗೆ ನೂರಾರು ಅಡಿ ಎಳೆದು ತಂದಿರುತ್ತಾರೆ. ಮೋಟಾರು ಬೇಡ, ಕರೆಂಟು ಬೇಡ, ಹಗಲು ರಾತ್ರಿ ನೀರು ಬಚ್ಚಲಿಗೆ ಬಂದು ಬೀಳುತ್ತದೆ. ನೋಡಲು ಇದಕ್ಕಿಂತ ಸುಖ ಇನ್ನೊಂದಿಲ್ಲ. ಮೊದಲ ದೊಡ್ಡ ಮಳೆಗೆ ತರಗೆಲೆ ಬಂದು ಪರದೆಗೆ ಮೆತ್ತಿಕೊಳ್ಳುತ್ತದೆ, ನೀರು ನಿಲ್ಲುತ್ತದೆ. ಕೊಡೆ ಹಿಡಿದು, ಕಾಲಿಗೆ ಸುಣ್ಣವೋ ಉಪ್ಪೋ ಸವರಿಕೊಂಡು ಜಿಗಣೆಯ ನಡುವೆ ಹತ್ತಿ ಹೋಗಿ ಎಲೆ ಬಿಡಿಸಬೇಕು. ಬಿಡಿಸಿದ ಮೇಲೂ ಪೈಪಿನಲ್ಲಿ ಗಾಳಿ ಕಟ್ಟಿಕೊಂಡಿದ್ದರೆ ತಗ್ಗಿನ ಜಾಯಿಂಟ್ ಒಂದೊಂದನ್ನೇ ಕಳಚಿ, ಗಾಳಿ ಹೋಗಿ ನೀರು ಚಿಮ್ಮಿದ ಮೇಲೆ ಮತ್ತೆ ಸಿಕ್ಕಿಸಬೇಕು. ಕಂಕುಳಲ್ಲಿ ಮಗು ಇಟ್ಟುಕೊಂಡು ಮಾಡುವ ಕೆಲಸವಲ್ಲ ಇದು. ಇನ್ನು ಏಪ್ರಿಲಿನಲ್ಲಿ ಅದೇ ಒರತೆ ಬೆರಳು ದಪ್ಪದ ಧಾರೆಗೆ ಇಳಿದಿರಬಹುದು, ಪೂರ್ತಿ ಬತ್ತಿಯೂ ಇರಬಹುದು. ಹಿತೋಪದೇಶದ ಎಚ್ಚರಿಕೆ ಅನುಭವಸ್ಥರದ್ದು. ಡಿಸೆಂಬರಿನಲ್ಲಿ ಮೆಚ್ಚಿದ ಮನೆಯನ್ನು ಯುಗಾದಿ ಕಳೆದ ಮೇಲೆ ಇನ್ನೊಮ್ಮೆ ಹೋಗಿ ನೋಡದೆ ಮುಂಗಡ ಕೊಡಬಾರದು.

ನೀರು ಹೆಚ್ಚಾದರೂ ಕಷ್ಟವೇ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಬೆಂಗಳೂರಿನ ಏಳು ಪಟ್ಟು. ಬೇಸಿಗೆಯಲ್ಲಿ ಚಪ್ಪಲಿ ಕೈಲಿ ಹಿಡಿದು ದಾಟಿದ ಹಳ್ಳವನ್ನು ಜುಲೈನಲ್ಲಿ ದಾಟಲು ಕಾಲುಸಂಕ ಬೇಕು: ಎರಡೋ ಮೂರೋ ಅಡಿಕೆ ಮರದ ಕಾಂಡ, ಹಿಡಿಯಲು ಒಂದು ಬಿದಿರು. ಪಾಚಿ ಕಟ್ಟಿದ ಆ ಕಾಂಡಗಳ ಮೇಲೆ ಶಾಲೆಯ ಮಕ್ಕಳು ಬ್ಯಾಗು ಹೊತ್ತು ನಡೆಯುತ್ತಾರೆ, ಜಾರಿ ಕೊಚ್ಚಿಹೋದ ಮಕ್ಕಳೂ ಇದ್ದಾರೆ. ಸುಳ್ಯದ ಗಿರೀಶ್ ಭಾರದ್ವಾಜ್ ಅವರು ನೂರಕ್ಕೂ ಹೆಚ್ಚು ತೂಗುಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದದ್ದು ಇಂಥ ಹಳ್ಳ ಹೊಳೆಗಳಿಂದ ತುಂಡಾದ ಊರುಗಳನ್ನು ಜೋಡಿಸಿದ್ದಕ್ಕೆ. ಅಂಗಳದ ಅಂಚಿನ ಕಟ್ಟೆಯಿಲ್ಲದ ಬಾವಿ, ತೋಟದ ನಡುವಿನ ಹೊಂಡ ಇನ್ನೂ ಹತ್ತಿರದ ಅಪಾಯ. ಮಗು ಒಂದು ವರ್ಷದಿಂದ ನಾಲ್ಕು ವರ್ಷದ ನಡುವೆ ಇದ್ದರೆ ಅವಕ್ಕೆ ಬೇಲಿ ಹಾಕಿಸದೆ ಗಂಟುಮೂಟೆ ಇಳಿಸಬಾರದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೊ ಮಾಡುವ ಡ್ರಮ್ಮೂ ಮನೆಯ ಹಿಂದೆಯೇ ಇರುತ್ತದೆ. ತುತ್ತದ ನೀಲಿ ಹರಳು ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಅದಕ್ಕೆ ಬೀಗ ಬೇಕು.

ವೈದ್ಯನನ್ನು ಸುಭಾಷಿತ ಕೊನೆಯಲ್ಲಿ ಹೇಳಿದೆ. ಮಗುವಿರುವ ಮನೆಗೆ ಅವನೇ ಮೊದಲು. ಕಿಲೋಮೀಟರಿನ ಲೆಕ್ಕ ಇಲ್ಲಿ ಉಪಯೋಗಕ್ಕೆ ಬಾರದು, ನಿಮಿಷದ ಲೆಕ್ಕ ಬೇಕು. ರಾಜ್ಯದಲ್ಲಿ 108 ಆಂಬುಲೆನ್ಸ್ 2008ರಲ್ಲಿ ಶುರುವಾಯಿತು. ಆದರೆ ಅದು ಬರುವುದು ವಾಹನ ಹೋಗುವ ದಾರಿಯ ತುದಿಗೆ. ಅಲ್ಲಿಂದ ಆಚೆಗೆ ಇಂದಿಗೂ ಕಂಬಳಿಯ ಜೋಲಿಯಲ್ಲೋ ಕುರ್ಚಿಗೆ ಗಳ ಕಟ್ಟಿಯೋ ರೋಗಿಯನ್ನು ಹೊತ್ತು ತರುವ ಊರುಗಳು ಪಶ್ಚಿಮಘಟ್ಟದಲ್ಲಿವೆ. ಹೊರಲು ನಾಲ್ಕು ಹೆಗಲು ಬೇಕು, ಒಂಟಿಮನೆಯಲ್ಲಿ ಇರುವುದು ಎರಡು.

ಹಾವಿನ ವಿಷಯ ಹೇಳದೆ ಬಿಡುವಂತಿಲ್ಲ. ಕಟ್ಟುಹಾವು ರಾತ್ರಿ ಮನೆಯೊಳಗೆ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ಎಷ್ಟೋ ಸಲ ನೋವೂ ಗೊತ್ತಾಗುವುದಿಲ್ಲ. ಮಗು ಅತ್ತರೆ ಸೊಳ್ಳೆಯೆಂದು ತಟ್ಟಿ ಮಲಗಿಸಿಬಿಡುವ ಸಂಭವವೇ ಹೆಚ್ಚು. ಮಂಚ, ಅಂಚು ಒಳಕ್ಕೆ ಸಿಕ್ಕಿಸಿದ ಸೊಳ್ಳೆಪರದೆ, ರಾತ್ರಿ ಟಾರ್ಚು, ಇವು ಅಲ್ಲಿ ಕಡ್ಡಾಯ. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಘಟ್ಟದ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ. 2024ರಲ್ಲಿ ಕರ್ನಾಟಕ ಸರ್ಕಾರ ಹಾವುಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಮನೆ ನೋಡಲು ಹೋದವರು ತಾಲ್ಲೂಕು ಆಸ್ಪತ್ರೆಗೂ ಹೋಗಿ ಪ್ರತಿವಿಷದ ದಾಸ್ತಾನಿದೆಯೇ, ರಾತ್ರಿ ವೈದ್ಯರಿರುತ್ತಾರೆಯೇ, ಮಕ್ಕಳ ತಜ್ಞರು ಯಾವ ಊರಲ್ಲಿದ್ದಾರೆ ಎಂದು ಕೇಳಿ ಬರಬೇಕು. ಹಾಗೆ ಕೇಳಲು ಸಂಕೋಚಪಡಬೇಕಾಗಿಲ್ಲ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಈ ಸೀಮೆಯದ್ದೇ. ಉಣುಗು ಕಚ್ಚಿ ಹರಡುವ ಅದರ ಹಾವಳಿ ಡಿಸೆಂಬರಿನಿಂದ ಮೇ ತನಕ, ಅಂದರೆ ಹೊರಗಿನವರಿಗೆ ಕಾಡು ಅತ್ಯಂತ ಚೆಂದ ಕಾಣುವ ತಿಂಗಳುಗಳಲ್ಲೇ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದು ಕಾಡಿದ್ದನ್ನು ಅಲ್ಲಿಯವರು ಮರೆತಿಲ್ಲ.

ವೇದ ಬಲ್ಲವನ ಜಾಗದಲ್ಲಿ ಇವತ್ತು ಅಂಗನವಾಡಿಯನ್ನೂ ಶಾಲೆಯನ್ನೂ ಇಟ್ಟು ನೋಡಬೇಕು. ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರಿನೊಳಗೆ, ಹಿರಿಯ ಪ್ರಾಥಮಿಕ ಮೂರರೊಳಗೆ ಇರಬೇಕು. ಆ ಒಂದು ಕಿಲೋಮೀಟರಿನ ನಡುವೆ ಕಾಲುಸಂಕವಿದ್ದರೆ ಜೂನ್, ಜುಲೈನಲ್ಲಿ ಮಗು ಎಷ್ಟು ದಿನ ಶಾಲೆ ಕಾಣುತ್ತದೆ? ಅಕ್ಷರ ಕಲಿಸುವುದು ತಂದೆತಾಯಿಗೆ ಅಷ್ಟು ಕಷ್ಟವಲ್ಲ. ಜಗಳ ಆಡಿ, ಟೂ ಬಿಟ್ಟು, ಮತ್ತೆ ರಾಜಿಯಾಗುವುದನ್ನು ಕಲಿಯಲು ಮಗುವಿಗೆ ಇನ್ನೊಂದು ಮಗು ಬೇಕು. ಮೂರು ವರ್ಷ ತುಂಬಿದ ಮೇಲೆ ಈ ಕೊರತೆಯನ್ನು ಯಾವ ಹಸಿರೂ ತುಂಬಲಾರದು.

ಅರಸನೆಂದರೆ ಈಗ ದಾರಿ, ಕರೆಂಟು, ಸಿಗ್ನಲ್, ಪೊಲೀಸು, ಆಶಾ ಕಾರ್ಯಕರ್ತೆ. ಇದರಲ್ಲಿ ಕೊಳ್ಳುವವರು ಹೆಚ್ಚಾಗಿ ಮೋಸಹೋಗುವುದು ದಾರಿಯ ವಿಷಯದಲ್ಲಿ. ಮನೆಯ ತನಕ ಜೀಪು ಹೋಯಿತೆಂದ ಮಾತ್ರಕ್ಕೆ ಅದು ದಾರಿಯಲ್ಲ. ಗ್ರಾಮ ನಕಾಶೆಯಲ್ಲಿ ಇದೆಯೇ, ಇಲ್ಲದಿದ್ದರೆ ಯಾರ ತೋಟದೊಳಗೆ ಹಾಯುತ್ತದೆ ಎಂಬುದನ್ನು ಕಾಗದದಲ್ಲೇ ನೋಡಬೇಕು. ಮನೆಯ ಹಿಂದಿನ ದರೆಯನ್ನೂ ಅಷ್ಟೇ ಗಮನವಿಟ್ಟು ನೋಡಬೇಕು. ಗುಡ್ಡ ಕಡಿದು ಜಾಗ ಮಾಡಿದ್ದರೆ ದರೆಗೂ ಗೋಡೆಗೂ ನಡುವೆ ಎಷ್ಟು ಅಂತರವಿದೆ, ಮೇಲಿನ ಚರಂಡಿ ನೀರನ್ನು ಪಕ್ಕಕ್ಕೆ ಒಯ್ಯುತ್ತದೆಯೇ, ಬುಡದಲ್ಲಿ ನೀರು ಜಿನುಗುತ್ತದೆಯೇ? 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಇಳಿಜಾರಿನಲ್ಲಿ ನಿಂತ ಮನೆಗಳು ಮಣ್ಣಿನೊಡನೆ ಹೋದವು.

ಹಣವಂತನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಿನ ಸೊಸೈಟಿ, ಕಡ ಕೊಡುವ ಅಂಗಡಿ, ಮನೆಯಿಂದ ಕೆಲಸ ಮಾಡುವವರಿಗೆ ಕಡಿಯದ ಇಂಟರ್ನೆಟ್, ಇಷ್ಟಿದ್ದರೆ ಅವನು ಇದ್ದ ಹಾಗೆಯೇ.

ಇಷ್ಟೆಲ್ಲ ಓದಿದವರು ಸುಭಾಷಿತವು ಒಂಟಿಮನೆಗೆ ಬೇಡವೆಂದೇ ಹೇಳುತ್ತದೆ ಎಂದುಕೊಳ್ಳಬಹುದು. ಆದರೆ ಹಿತೋಪದೇಶದಲ್ಲಿ ಆ ಮಾತನ್ನು ಆಡುವುದು ಇಲಿ ಹಿರಣ್ಯಕ, ಕೇಳುವುದು ಕಾಗೆ ಲಘುಪತನಕ. ಮಾತು ಮುಗಿಸಿ ಇಬ್ಬರೂ ಹೊರಟದ್ದು ಪಟ್ಟಣಕ್ಕಲ್ಲ, ದಂಡಕಾರಣ್ಯದ ಒಂದು ಸರೋವರಕ್ಕೆ. ಅಲ್ಲಿ ಧನಿಕನೂ ಇಲ್ಲ, ವೈದ್ಯನೂ ಇಲ್ಲ. ನೀರಿದೆ, ಜೊತೆಗೆ ಕಾಗೆಯ ಹಳೆಯ ಗೆಳೆಯ ಆಮೆ ಮಂಥರನಿದ್ದಾನೆ. ಮುಂದೆ ಜಿಂಕೆಯೂ ಸೇರುತ್ತದೆ. ಬೇಡ ಆಮೆಯನ್ನು ಹಿಡಿದು ಕಟ್ಟಿದಾಗ ಜಿಂಕೆ ಸತ್ತಂತೆ ಬಿದ್ದುಕೊಂಡಿತು, ಕಾಗೆ ಅದರ ಮೇಲೆ ಕೂತು ಕುಕ್ಕುವಂತೆ ನಟಿಸಿತು, ಬೇಡ ಆಮೆಯನ್ನು ಬಿಟ್ಟು ಅತ್ತ ಓಡಿದ ಹೊತ್ತಿಗೆ ಇಲಿ ಕಟ್ಟು ಕಡಿಯಿತು. ಕತೆ ಶ್ಲೋಕವನ್ನು ಅಲ್ಲಗಳೆಯುವುದಿಲ್ಲ, ಅದು ಬಿಟ್ಟ ಆರನೆಯದನ್ನು ತಂದು ಇಡುತ್ತದೆ. ಕಾಡಿನಲ್ಲಿ ಇರಬಹುದು, ಹತ್ತಿರದಲ್ಲಿ ಒಬ್ಬರು ಬೇಕು.

ಮಲೆನಾಡಿಗರು ಇದನ್ನು ಕೂಗಿನಿಂದ ಅಳೆಯುತ್ತಿದ್ದರು. ಕೂಗಳತೆಯಲ್ಲಿ ಇನ್ನೊಂದು ಮನೆಯಿದ್ದರೆ ಅದು ನೆರೆಮನೆ. ಮಧ್ಯೆ ತೋಟವಿರಲಿ, ಗದ್ದೆಯಿರಲಿ, ಈಚೆ ದಿಬ್ಬದಿಂದ ಕೂ ಎಂದರೆ ಆಚೆಯಿಂದ ಓ ಎನ್ನುವವರಿರಬೇಕು. ಅಷ್ಟಿದ್ದರೆ ಮಿಕ್ಕ ಐದರಲ್ಲಿ ಒಂದೆರಡು ದೂರವಿದ್ದರೂ ಎಳೆಯ ಸಂಸಾರ ನಿಭಾಯಿಸಬಲ್ಲದು. ಅದು ಇಲ್ಲದಿದ್ದರೆ ಮಗುವಿಗೆ ಐದಾರು ವರ್ಷವಾಗುವ ತನಕ ಕಾಯುವುದೇ ಸರಿ. ಪೂರ್ಣಚಂದ್ರ ತೇಜಸ್ವಿ, ರಾಜೇಶ್ವರಿ ದಂಪತಿ ಮೂಡಿಗೆರೆಯ ಕಾಫಿ ತೋಟದಲ್ಲಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ರಾಜೇಶ್ವರಿಯವರು ಆ ಬದುಕನ್ನು ‘ನನ್ನ ತೇಜಸ್ವಿ’ಯಲ್ಲಿ ಬರೆದಿದ್ದಾರೆ. ತೋಟದ ಮನೆಯ ಕನಸಿಗೆ ತೇಜಸ್ವಿಯವರ ಪುಸ್ತಕಗಳನ್ನು ಓದಿದವರು ಈ ಪುಸ್ತಕವನ್ನೂ ಜೊತೆಗಿಟ್ಟು ಓದುವುದು ಒಳ್ಳೆಯದು.

ಕೊಳ್ಳುವ ಮುಂಚೆ ಬಾಡಿಗೆಗೆ ಸಿಕ್ಕರೆ ವೈಶಾಖದಿಂದ ನವರಾತ್ರಿಯ ತನಕ ಇದ್ದು ನೋಡಬಹುದು. ಬೇಸಿಗೆಯೂ ಮಳೆಗಾಲವೂ ಅಷ್ಟರಲ್ಲಿ ಮುಗಿದಿರುತ್ತವೆ. ಅದೂ ಆಗದಿದ್ದರೆ ಆ ಮನೆಯನ್ನು ಬಿಟ್ಟು ಹೋದವರನ್ನು ಹುಡುಕಿ ಮಾತಾಡಬೇಕು. ಮಕ್ಕಳ ಓದಿಗೆ ಪೇಟೆ ಸೇರಿದರೇ, ಆಳು ಸಿಗದೆ ಸೋತರೇ, ದರೆ ಹೆದರಿಸಿತೇ? ಬೆಲೆ ಹೇಳುವ ಯಜಮಾನರ ಹತ್ತಿರ ಇದನ್ನು ಕೇಳಿ ಪ್ರಯೋಜನವಿಲ್ಲ. ಅಲ್ಲಿ ಬಾಣಂತನ ಮುಗಿಸಿ ಬಂದು, ಜ್ವರದ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳಗು ಕಾದ ಅಮ್ಮನನ್ನು ಕೇಳಬೇಕು, ಯಜಮಾನರು ಜಗಲಿಯಲ್ಲಿ ಕವಳ ಹಾಕುತ್ತ ಕೂತಿರುವಾಗ, ಒಳಗೆ ಅಡುಗೆಮನೆಗೆ ಹೋಗಿ.