ಬಾಲಪ್ರತಿಭೆಯ ಫಲಸ್ವಾಮ್ಯ

ಮಗುವಿನಲ್ಲಿ ಅಸಾಧಾರಣವಾದ ಶಕ್ತಿಯೊಂದು ಕಾಣಿಸಿಕೊಂಡಾಗ ಅದು ಯಾರ ಸೊತ್ತು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. ಹೆತ್ತವರಿಗೆ ಅದು ದೈವದ ಅನುಗ್ರಹವಾಗಿಯೂ, ಗುರುವಿಗೆ ತನ್ನ ಶ್ರಮದ ಸಾರ್ಥಕ್ಯವಾಗಿಯೂ, ನೋಡುವವರಿಗೆ ವಿನೋದವಾಗಿಯೂ, ವ್ಯಾಪಾರಿಗೆ ಬಂಡವಾಳವಾಗಿಯೂ ತೋರುವುದರಿಂದ ಅವರವರು ತಮ್ಮ ತಮ್ಮ ಪಾಲನ್ನು ಸಂತೋಷದಿಂದ ಸ್ವೀಕರಿಸಿ ಸುಮ್ಮನಾಗುವರು. ಮಗುವೂ ನಗುತ್ತಲೇ ಇರುತ್ತದೆ. ಎಲ್ಲರೂ ಸಂತುಷ್ಟರಾಗಿರುವಲ್ಲಿ ಧರ್ಮವಿಚಾರಕ್ಕೆ ಎಡೆಯೆಲ್ಲಿಯದು? ಆದರೂ ಎಲ್ಲರೂ ನಗುತ್ತಿರುವ ಸಮಯದಲ್ಲಿಯೇ ಮಾಡತಕ್ಕ ವಿಚಾರಗಳು ಕೆಲವುಂಟು. ಅಮೆರಿಕಾ ದೇಶದ ಟೆನಿಸ್ ಆಟಗಾರ್ತಿ ಜೆನಿಫರ್ ಕ್ಯಾಪ್ರಿಯಾಟಿಯ ಎಳವೆಯ ವೃತ್ತಾಂತವು ಅದಕ್ಕೆ ತಕ್ಕ ನಿದರ್ಶನವಾಗಿದೆ.

ಆಕೆ ಹುಟ್ಟಿದ್ದು 1976ನೆಯ ಇಸವಿ ಮಾರ್ಚ್ 29ರಂದು. ಬಾಲ್ಯದಲ್ಲಿಯೇ ಫ್ಲಾರಿಡಾ ಪ್ರಾಂತ್ಯದಲ್ಲಿ ಜಿಮ್ಮಿ ಎವರ್ಟ್ ಎಂಬ ಪ್ರಸಿದ್ಧ ಶಿಕ್ಷಕನಲ್ಲಿ ಪಾಠ ಮೊದಲಾಯಿತು. ಆ ಕಾಲದಲ್ಲಿ ಹೆಂಗಸರ ಟೆನಿಸ್ ಸಂಸ್ಥೆಯ ನಿಯಮದಂತೆ ಹದಿನಾಲ್ಕು ವರ್ಷದೊಳಗಿನವರು ಹಣಕ್ಕಾಗಿ ಆಡಕೂಡದು. ಆದರೆ ಹದಿನಾಲ್ಕು ತುಂಬುವ ತಿಂಗಳಿನಲ್ಲಿಯೇ ಪ್ರವೇಶಿಸಬಹುದೆಂದು ಅದನ್ನು ಸಡಿಲಿಸಲಾಯಿತು. ಇದರಿಂದಾಗಿ 1990ರ ಮಾರ್ಚಿಯಲ್ಲಿ, ಹದಿನಾಲ್ಕಕ್ಕೆ ಇನ್ನೂ ಕೆಲವು ದಿನಗಳಿರುವಾಗಲೇ, ಎಂಟನೆಯ ತರಗತಿಯ ಈ ಹುಡುಗಿ ಬೋಕಾ ರೇಟನ್ ಎಂಬ ಊರಿನಲ್ಲಿ ವೃತ್ತಿಯ ಮೊದಲನೆಯ ಪಂದ್ಯವನ್ನಾಡಿದಳು. ಅದಕ್ಕೂ ಮುಂಚೆಯೇ ಡಯಾಡೋರಾ ಎಂಬ ಇಟಲಿಯ ಉಡುಪಿನ ಕಂಪನಿಯವರೂ ಪ್ರಿನ್ಸ್ ಎಂಬ ರ‍್ಯಾಕೆಟ್ಟಿನ ಕಂಪನಿಯವರೂ ಆಕೆಯೊಡನೆ ಬಹು ದೊಡ್ಡ ಮೊತ್ತದ ಒಪ್ಪಂದಗಳನ್ನು ಮಾಡಿಕೊಂಡಿದ್ದರು. ಪಂದ್ಯ ನಡೆಯುವುದಕ್ಕೆ ಮೊದಲೇ ಅದರ ಬೆಲೆ ನಿಶ್ಚಯವಾಗಿತ್ತೆಂದ ಹಾಗಾಯಿತು.

ಬೆಲೆ ಹೆಚ್ಚಾಯಿತೆಂದು ಯಾರಿಗೂ ಅನ್ನಿಸಲಿಲ್ಲ. ಆ ಮೊದಲನೆಯ ಪಂದ್ಯಾವಳಿಯಲ್ಲಿಯೇ ಆಕೆ ಫೈನಲಿನವರೆಗೆ ಏರಿ ಗ್ಯಾಬ್ರಿಯೆಲಾ ಸಬಾಟೀನಿಗೆ ಸೋತಳು. ಅದೇ ವರ್ಷ ಪ್ಯಾರಿಸಿನ ದೊಡ್ಡ ಪಂದ್ಯಾವಳಿಯಲ್ಲಿ ಸೆಮಿಫೈನಲನ್ನು ಮುಟ್ಟಿದಳು. ವರ್ಷಾಂತ್ಯಕ್ಕೆ ಲೋಕದ ಮೊದಲ ಹತ್ತು ಮಂದಿಯಲ್ಲಿ ಒಬ್ಬಳಾದಳು. 1991ರಲ್ಲಿ ವಿಂಬಲ್ಡನ್ನಿನ ಹುಲ್ಲಿನ ಅಂಗಣದಲ್ಲಿ ಮಾರ್ಟಿನಾ ನವ್ರಾಟಿಲೋವಾಳನ್ನು ಸೋಲಿಸಿದಳು. ನವ್ರಾಟಿಲೋವಾ ಆ ಅಂಗಣದಲ್ಲಿ ಒಂಬತ್ತು ಬಾರಿ ಗೆದ್ದವಳು. ಹುಡುಗಿಗೆ ಹದಿನೈದು ವರ್ಷ. 1992ರಲ್ಲಿ ಬಾರ್ಸಿಲೋನಾದ ಒಲಿಂಪಿಕ್ ಉತ್ಸವದಲ್ಲಿ ಸ್ಟೆಫಿ ಗ್ರಾಫಳನ್ನು ಸೋಲಿಸಿ ಚಿನ್ನದ ಪದಕವನ್ನು ಪಡೆದಳು. ಹದಿನಾರನೆಯ ವಯಸ್ಸಿಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

1993ರಲ್ಲಿ ಅಮೆರಿಕಾದ ದೊಡ್ಡ ಪಂದ್ಯಾವಳಿಯ ಮೊದಲನೆಯ ಸುತ್ತಿನಲ್ಲಿಯೇ ಸೋತ ಮೇಲೆ ಆಕೆ ಆಟವನ್ನು ಬಿಟ್ಟಳು. ಅನಂತರದ ತಿಂಗಳುಗಳಲ್ಲಿ ನಡೆದುದು ಪೊಲೀಸರ ದಾಖಲೆಗಳಿಗೂ ಅಲ್ಲಿಂದ ವೃತ್ತಪತ್ರಿಕೆಗಳಿಗೂ ಹೋಯಿತು. ಹದಿನೇಳು ಹದಿನೆಂಟು ವರ್ಷದ ಹುಡುಗಿಯ ದೌರ್ಬಲ್ಯವನ್ನು ಇಲ್ಲಿ ಮತ್ತೆ ವಿವರಿಸಬೇಕಾದುದಿಲ್ಲ; ಆಗಲೇ ವಿವರಿಸಿದವರು ಬೇಕಾದಷ್ಟು ಮಂದಿ. ಇನ್ನಾವ ಮನೆಯಲ್ಲಾದರೂ ತಾಯಿಯ ಕಣ್ಣೀರಿನಲ್ಲಿಯೂ ತಂದೆಯ ಗದರಿಕೆಯಲ್ಲಿಯೂ ಮುಗಿದುಹೋಗಬಹುದಾಗಿದ್ದ ವಿಷಯವು ಇವಳ ಪಾಲಿಗೆ ಲೋಕದ ಮಾತಾಯಿತು ಎಂಬಷ್ಟನ್ನೇ ಗಮನಿಸಿದರೆ ಸಾಕು. 1994ರಲ್ಲಿ ಒಂದೇ ಒಂದು ಪಂದ್ಯವನ್ನಾಡಿದಳು. 1995ರಲ್ಲಿ ಅದೂ ಇಲ್ಲ. 1996ರಲ್ಲಿ ಹಿಂದಿರುಗಿದ ಮೇಲೆಯೂ ಹಲವು ವರ್ಷ ಸೋಲುಗಳೇ ಹೆಚ್ಚು. 1999ರಲ್ಲಿ ಪತ್ರಿಕಾಕರ್ತರ ಮುಂದೆ ಒಂದು ಹೇಳಿಕೆಯನ್ನು ಬರೆದು ತಂದು ಓದಿ, ಹಿಂದಿನದನ್ನು ಇನ್ನು ಕೇಳಬೇಡಿರೆಂದು ಕಣ್ಣೀರಿಟ್ಟಳು. 2001ರಲ್ಲಾದರೋ ಆಸ್ಟ್ರೇಲಿಯಾದಲ್ಲಿ ಮಾರ್ಟಿನಾ ಹಿಂಗಿಸಳನ್ನೂ, ಪ್ಯಾರಿಸಿನಲ್ಲಿ ಕಿಮ್ ಕ್ಲೈಸ್ಟರ್ಸಳನ್ನು ಮೂರನೆಯ ಸೆಟ್ಟಿನಲ್ಲಿ 12-10ರಿಂದಲೂ ಸೋಲಿಸಿ, ಅದೇ ಅಕ್ಟೋಬರಿನಲ್ಲಿ ಲೋಕದ ಮೊದಲನೆಯ ಸ್ಥಾನವನ್ನು ಪಡೆದಳು. ಮರುವರ್ಷ ಆಸ್ಟ್ರೇಲಿಯಾದ ಸುಡುಬಿಸಿಲಿನಲ್ಲಿ, ಇನ್ನೊಂದೇ ಅಂಕ ಹೋದರೆ ಸೋಲು ಎಂಬ ಸ್ಥಿತಿಯಿಂದ ನಾಲ್ಕು ಬಾರಿ ಪಾರಾಗಿ ಮತ್ತೆ ಹಿಂಗಿಸಳನ್ನೇ ಗೆದ್ದಳು.

ಈ ವೃತ್ತಾಂತದಿಂದ ಜನರು ಎರಡು ಬಗೆಯ ನಿರ್ಣಯಗಳಿಗೆ ಬಂದಿದ್ದಾರೆ. 1994ರಲ್ಲಿ ಮಾತನಾಡಿದವರು, ‘ಎಳೆಯ ಮಗುವನ್ನು ವೃತ್ತಿಗೆ ನೂಕಿದ್ದು ತಪ್ಪು, ನೋಡಿರಿ ಏನಾಯಿತು’ ಎಂದರು. 2001ರಲ್ಲಿ ಮಾತನಾಡಿದವರು, ‘ಕಷ್ಟಗಳು ಬಂದುವು ನಿಜ, ಕೊನೆಗೆ ಎಲ್ಲವೂ ಒಳ್ಳೆಯದೇ ಆಯಿತಷ್ಟೆ’ ಎಂದರು. ಈ ಇಬ್ಬರೂ ಪರಸ್ಪರ ವಿರೋಧಿಗಳಂತೆ ತೋರಿದರೂ ಇಬ್ಬರ ತರ್ಕವೂ ಒಂದೇ. ಫಲವನ್ನು ನೋಡಿ ಕರ್ಮದ ಯುಕ್ತಾಯುಕ್ತತೆಯನ್ನು ನಿರ್ಣಯಿಸುವುದು ಇಬ್ಬರಿಗೂ ಸಮ್ಮತ. ಹಾಗಾದರೆ 1990ರಲ್ಲಿ ಮಾಡಿದ ಒಂದೇ ಕಾರ್ಯವು 1992ರಲ್ಲಿ ಸಾಧುವಾಗಿದ್ದು, 1994ರಲ್ಲಿ ಅಸಾಧುವಾಗಿ, 2001ರಲ್ಲಿ ಮರಳಿ ಸಾಧುವಾಗಬೇಕಾಗುತ್ತದೆ. ಗಾಳಿ ಬೀಸಿದತ್ತ ತಿರುಗುವ ಇಂತಹ ಧರ್ಮದಿಂದ, ನಿರ್ಧಾರ ಮಾಡಬೇಕಾದ ದಿವಸ ಹೆತ್ತವರಿಗೆ ಯಾವ ಪ್ರಯೋಜನವೂ ಇಲ್ಲ. ಆ ದಿವಸ ಫಲವು ಕಾಣಿಸುವುದಿಲ್ಲವಷ್ಟೆ.

ಐತರೇಯ ಬ್ರಾಹ್ಮಣದಲ್ಲಿ ಬರುವ ಶುನಶ್ಶೇಪನ ಕಥೆಯನ್ನು ವಾಚಕರು ಬಲ್ಲರು. ಹಸಿವಿನಿಂದ ಬಳಲಿದ ಅಜೀಗರ್ತನು ತನ್ನ ಮೂವರು ಮಕ್ಕಳಲ್ಲಿ ನಡುವಣವನನ್ನು ನೂರು ಹಸುಗಳಿಗೆ ಮಾರಿದನು. ಹಿರಿಯವನನ್ನು ಕೊಡಲು ತಂದೆ ಒಪ್ಪಲಿಲ್ಲ, ಕಿರಿಯವನನ್ನು ಕೊಡಲು ತಾಯಿ ಒಪ್ಪಲಿಲ್ಲ. ಯೂಪಕ್ಕೆ ಕಟ್ಟುವುದಕ್ಕೆ ಇನ್ನೊಂದು ನೂರು, ಕೊಲ್ಲುವುದಕ್ಕೆ ಮತ್ತೊಂದು ನೂರು. ಹುಡುಗನು ದೇವತೆಗಳನ್ನು ಸ್ತುತಿಸಲು ಪಾಶಗಳು ಒಂದೊಂದಾಗಿ ಕಳಚಿದುವು. ಪ್ರಾಣವೂ ಉಳಿಯಿತು, ಋಷಿತ್ವವೂ ದೊರೆಯಿತು. ಫಲವಾದಿಗಳ ಲೆಕ್ಕದಲ್ಲಿ ಅಜೀಗರ್ತನ ಕಾರ್ಯವು ಮಗನ ಪಾಲಿಗೆ ಉಪಕಾರವೇ ಆಯಿತು! ಆದರೆ ಕಥೆ ಹಾಗೆ ಹೇಳುವುದಿಲ್ಲ. ತಂದೆ ಮರಳಿ ಕರೆದಾಗ ಶುನಶ್ಶೇಪನು ಹೋಗಲಿಲ್ಲ. ವಿಶ್ವಾಮಿತ್ರನ ಮಗನಾಗಿ ಉಳಿದನು. ಪಾಶ ಕಳಚಿದ ಮಾತ್ರಕ್ಕೆ ಕಟ್ಟಿದ್ದು ಸರಿಯಾಗುವುದಿಲ್ಲ.

ಈ ಉಪಮೆಯನ್ನು ಕ್ಯಾಪ್ರಿಯಾಟಿಯ ತಂದೆಗೆ ಹಾಗೆಯೇ ಹಚ್ಚುವುದು ಅನ್ಯಾಯ. ಆತನಿಗೆ ಮಗಳ ಮೇಲಿದ್ದ ಅಕ್ಕರೆಯಲ್ಲಿ ಸಂಶಯಕ್ಕೆ ಕಾರಣವಿಲ್ಲ. 2001ರ ವಿಜಯಗಳ ಕಾಲದಲ್ಲಿ ಆಕೆಗೆ ಗುರುವಾಗಿದ್ದವನೂ ಆತನೇ. ಮಗಳು ಶುನಶ್ಶೇಪನಂತೆ ತೊರೆದುಹೋಗಲಿಲ್ಲ. ಸೇಬು ಹಣ್ಣಾದಾಗ ತಿನ್ನಬೇಕೆಂಬ ತನ್ನ ಸೀಮೆಯ ಗಾದೆಯನ್ನು ಆತನು ಹೇಳಿದನೆಂದು ಪತ್ರಿಕೆಗಳು ಬರೆದುವು. ಗಾದೆಯಲ್ಲಿ ಸುಳ್ಳಿಲ್ಲ. ಆದರೆ ಹಣ್ಣಾಯಿತೆಂದು ಹೇಳುವವನೂ ತಿನ್ನುವವನೂ ಯಾರೆಂಬುದನ್ನು ಗಾದೆ ಬಾಯಿಬಿಟ್ಟು ಹೇಳುವುದಿಲ್ಲ. ಹಣ್ಣಿನ ಅಭಿಪ್ರಾಯವನ್ನಂತೂ ಅದು ಕೇಳುವುದೇ ಇಲ್ಲ.

ಇಲ್ಲಿ ಮೀಮಾಂಸಕರ ವಿಚಾರವೊಂದು ಉಪಕಾರಕ್ಕೆ ಬರುತ್ತದೆ. ಕರ್ಮದಲ್ಲಿ ಅಧಿಕಾರವೆಂದರೆ ಅವರ ಮತದಲ್ಲಿ ಫಲಸ್ವಾಮ್ಯ. ಯಾರು ಫಲಕ್ಕೆ ಒಡೆಯನೋ ಅವನೇ ಅಧಿಕಾರಿ. ಬಲವಿದ್ದ ಮಾತ್ರಕ್ಕೆ ಅಧಿಕಾರ ಬಾರದು. ಸರ್ವಸ್ವವನ್ನೂ ದಾನಮಾಡಬೇಕಾದ ವಿಶ್ವಜಿದ್ಯಾಗದ ಪ್ರಸ್ತಾಪದಲ್ಲಿ ಅವರು ಇನ್ನೊಂದು ಪ್ರಶ್ನೆಯನ್ನೆತ್ತುತ್ತಾರೆ: ಸರ್ವಸ್ವವೆಂದ ಮೇಲೆ ತಾಯಿತಂದೆ ಮೊದಲಾದ ಬಂಧುಗಳನ್ನೂ ದಾನಮಾಡಬೇಕೇ? ಕೂಡದು. ಯಾವುದರ ಮೇಲೆ ಪ್ರಭುತ್ವವಿದೆಯೋ ಅದನ್ನು ಮಾತ್ರ ಕೊಡಬಹುದು. ನನ್ನವರೆಂಬ ಸಂಬಂಧ ಬೇರೆ, ನನ್ನದೆಂಬ ಸ್ವಾಮ್ಯ ಬೇರೆ. ಯಾಜ್ಞವಲ್ಕ್ಯ ಸ್ಮೃತಿಯು ಕುಟುಂಬಕ್ಕೆ ವಿರೋಧವಿಲ್ಲದಂತೆ ತನ್ನದನ್ನು ದಾನಮಾಡಬಹುದೆಂದು ಹೇಳಿ ಹೆಂಡತಿಮಕ್ಕಳನ್ನು ಅದರಿಂದ ಹೊರಗಿಡುತ್ತದೆ. ಚಾಲುಕ್ಯರ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಇದೇ ಸ್ಮೃತಿಯ ಮೇಲೆ. ಮಕ್ಕಳನ್ನು ಕೊಡಬಾರದೆಂದ ಮೇಲೆ ಮಕ್ಕಳ ಕೈಕಾಲುಗಳ ಶಕ್ತಿಯನ್ನು ಮಾತ್ರ ಬೇರ್ಪಡಿಸಿ ಕೊಡಬಹುದೆಂದು ವಾದಿಸುವುದು ಕಷ್ಟ.

‘ಯಾರೂ ಬಲಾತ್ಕರಿಸಲಿಲ್ಲ, ಹುಡುಗಿ ತಾನಾಗಿಯೇ ಇಷ್ಟಪಟ್ಟು ಆಡಿದಳು’ ಎಂಬ ಆಕ್ಷೇಪಕ್ಕೆ ಬಲವುಂಟು. 1990ರಲ್ಲಿ ಆಕೆ ನಗುನಗುತ್ತಲೇ ಆಡಿದಳೆಂಬುದು ಸತ್ಯ. ಆದರೆ ಆಕೆಯ ಸಮ್ಮತಿಯು ಯಾವುದಕ್ಕೆ ಎಂಬುದನ್ನು ವಿಂಗಡಿಸಬೇಕು. ಚೆಂಡನ್ನು ಹೊಡೆಯುವುದಕ್ಕೆ ಹದಿಮೂರು ವರ್ಷದ ಮಗು ಸಮ್ಮತಿಸಬಹುದು. ಏಕೆಂದರೆ ಅದರ ರುಚಿಯನ್ನು ಅದು ಬಲ್ಲದು. ಒಪ್ಪಂದಗಳ ಋಣಕ್ಕೆ, ತನ್ನ ಸೋಲುಗೆಲವುಗಳ ಮೇಲೆ ಹಿರಿಯರ ಜೀವನೋಪಾಯವು ನಿಲ್ಲುವುದಕ್ಕೆ, ಲೋಕವೆಲ್ಲ ತನ್ನನ್ನು ನೋಡುತ್ತಿರುವುದಕ್ಕೆ ಅದು ಸಮ್ಮತಿಸಲಾರದು. ಅವುಗಳ ಭಾರವನ್ನು ಅದು ಎಂದೂ ಹೊತ್ತು ನೋಡಿಲ್ಲ. ಅಪ್ರಾಪ್ತವಯಸ್ಕರ ಕರಾರು ಅವರನ್ನು ಬಂಧಿಸದೆಂದು ನಾಗರಿಕ ದೇಶಗಳ ಕಾನೂನು ಸಾಮಾನ್ಯವಾಗಿ ಒಪ್ಪಿರುವುದೂ ಇದೇ ಕಾರಣದಿಂದ. ಕಾಗದದ ಮೇಲೆ ಹಿರಿಯರು ರುಜು ಹಾಕುವರು, ತೀರಿಸಬೇಕಾದುದು ಮಗುವಿನ ಭುಜ. ಆಟವನ್ನು ಬಿಡುವ ಸ್ವಾತಂತ್ರ್ಯವಿಲ್ಲದವನು ಆಡುವುದನ್ನು ಇಚ್ಛೆಯೆಂದು ಕರೆಯುವುದು ಹೇಗೆ? ಹದಿನೇಳನೆಯ ವಯಸ್ಸಿನಲ್ಲಿ ಆಕೆ ಬಿಟ್ಟಾಗ ಅದನ್ನು ಲೋಕವು ಪತನವೆಂದಿತೇ ಹೊರತು, ಒಬ್ಬ ಹುಡುಗಿ ಆಟವನ್ನು ನಿಲ್ಲಿಸಿದಳೆಂದು ಹೇಳಲಿಲ್ಲ.

1968ರವರೆಗೆ ದೊಡ್ಡ ಪಂದ್ಯಾವಳಿಗಳಲ್ಲಿ ಹಣಕ್ಕಾಗಿ ಆಡುವವರಿಗೆ ಪ್ರವೇಶವೇ ಇರಲಿಲ್ಲವಾದುದರಿಂದ ಈ ಪ್ರಶ್ನೆ ಇಷ್ಟು ತೀವ್ರವಾಗಿರಲಿಲ್ಲ. ಅನಂತರ ತೀವ್ರವಾಗುತ್ತ ಬಂದಿತು. ಟ್ರೇಸಿ ಆಸ್ಟಿನ್ 1979ರಲ್ಲಿ ಹದಿನಾರನೆಯ ವಯಸ್ಸಿಗೆ ಅಮೆರಿಕಾದ ಪಂದ್ಯಾವಳಿಯನ್ನು ಗೆದ್ದು, ಇಪ್ಪತ್ತೊಂದರ ಸುಮಾರಿಗೆ ಬೆನ್ನುನೋವಿನಿಂದ ಹಿಂದೆ ಸರಿದಳು. ಆಂಡ್ರಿಯಾ ಜೇಗರ್ 1980ರಲ್ಲಿ ಹದಿನಾಲ್ಕರಲ್ಲಿ ವೃತ್ತಿಗೆ ಬಂದು, ಇಪ್ಪತ್ತು ತುಂಬುವುದರೊಳಗೆ ಭುಜದ ನೋವಿಗೆ ತುತ್ತಾದಳು. ರೋಗಪೀಡಿತರಾದ ಮಕ್ಕಳ ಸೇವೆಯಲ್ಲಿ ತೊಡಗಿ, 2006ರಲ್ಲಿ ಸಂನ್ಯಾಸಿನಿಯೂ ಆದಳು. ಕ್ಯಾಪ್ರಿಯಾಟಿಯ ಪ್ರಸಂಗದ ತರುವಾಯ ಹೆಂಗಸರ ಟೆನಿಸ್ ಸಂಸ್ಥೆಯು ತಜ್ಞರ ಸಮಿತಿಯೊಂದರಿಂದ ವಿಚಾರ ಮಾಡಿಸಿ 1995ರಲ್ಲಿ ಹೊಸ ನಿಯಮವನ್ನು ಜಾರಿಗೆ ತಂದಿತು. ಹದಿನಾಲ್ಕರೊಳಗಿನವರಿಗೆ ವೃತ್ತಿಯ ಪಂದ್ಯಾವಳಿಗಳಲ್ಲಿ ಪ್ರವೇಶವಿಲ್ಲ. ಅಲ್ಲಿಂದ ಹದಿನೆಂಟರವರೆಗೆ ವರ್ಷಕ್ಕೆ ಇಷ್ಟೇ ಪಂದ್ಯಾವಳಿಗಳೆಂಬ ಮಿತಿಯುಂಟು, ವಯಸ್ಸೇರಿದಂತೆ ಸಂಖ್ಯೆ ಏರುವುದು. ಹದಿನೆಂಟಾದ ಮೇಲೆ ತಡೆಯಿಲ್ಲ. ಬಾಗಿಲು ಮುಚ್ಚುವ ಮುನ್ನ ಒಳಗೆ ನುಸುಳುವವರು ಎಲ್ಲ ಕಾಲದಲ್ಲಿಯೂ ಉಂಟಷ್ಟೆ. 1994ರ ಅಕ್ಟೋಬರಿನಲ್ಲಿ ಹದಿನಾಲ್ಕು ವರ್ಷದ ಹಿಂಗಿಸಳೂ ವೀನಸ್ ವಿಲಿಯಮ್ಸಳೂ ವೃತ್ತಿಗೆ ಪ್ರವೇಶಿಸಿದರು. ಆದರೂ ವಿಲಿಯಮ್ಸಳ ತಂದೆಯನ್ನು ಇಲ್ಲಿ ಸ್ಮರಿಸಬೇಕು. ಆತನು ಅದಕ್ಕೆ ಹಲವು ವರ್ಷ ಮುಂಚೆಯೇ ಇಬ್ಬರು ಹೆಣ್ಣುಮಕ್ಕಳನ್ನೂ ಬಾಲಕಿಯರ ಸ್ಪರ್ಧೆಗಳಿಂದ ಹಿಂದೆಗೆದುಕೊಂಡು, ಜನರ ಹಾಸ್ಯವನ್ನು ಸಹಿಸಿದ್ದನು.

ನಿಯಮವನ್ನು ಅನ್ಯಾಯವೆನ್ನುವವರೂ ಇದ್ದಾರೆ. ಅವರ ಮಾತು ತಳ್ಳಿಹಾಕತಕ್ಕುದಲ್ಲ. ಸಂಗೀತ ಹಾಡುವ ಬಾಲಕನಿಗೆ ಇಂತಹ ತಡೆಯುಂಟೇ? ಶರೀರದಿಂದ ಬದುಕುವವರಿಗೆ ಕಾಲವೇ ಅಲ್ಪ. ಅದರಲ್ಲಿ ನಾಲ್ಕು ವರ್ಷಗಳನ್ನು ಸಂಸ್ಥೆ ಕಸಿದುಕೊಳ್ಳಬಹುದೇ? ಬಡವರ ಮನೆಯಲ್ಲಿ ಆ ಹಣವೇ ಅನ್ನವಾದರೆ? 2019ರಲ್ಲಿ ಹದಿನೈದು ವರ್ಷದ ಕೋಕೋ ಗಾಫ್ ವಿಂಬಲ್ಡನ್ನಿನ ಮೊದಲನೆಯ ಸುತ್ತಿನಲ್ಲಿ ಇದೇ ವೀನಸ್ ವಿಲಿಯಮ್ಸಳನ್ನು ಸೋಲಿಸಿದಾಗ ನಿಯಮವನ್ನು ಸಡಿಲಿಸಬೇಕೆಂಬ ಕೂಗೆದ್ದಿತು. ರೋಜರ್ ಫೆಡರರನಂತಹ ಹಿರಿಯ ಆಟಗಾರನೂ ಆ ಅಭಿಪ್ರಾಯಪಟ್ಟನು. ಇವುಗಳಲ್ಲಿ ಬಡತನದ ಆಕ್ಷೇಪವೊಂದೇ ನಿಜವಾಗಿ ಕಠಿನವಾದುದು. ಅಜೀಗರ್ತನೂ ಹಸಿದವನೇ ಆಗಿದ್ದನೆಂಬುದನ್ನು ಮರೆಯುವಂತಿಲ್ಲ. ಹಸಿವು ಕಾರ್ಯದ ಅಯುಕ್ತತೆಯನ್ನು ತೊಡೆಯಲಾರದು. ದೋಷದ ಒಂದು ಪಾಲನ್ನು ಮಾತ್ರ, ಹಸಿದವನಿಂದ ತೆಗೆದು, ನೂರು ಹಸುಗಳನ್ನು ಹಿಡಿದು ನಿಂತವನ ಮೇಲೆ ಹೊರಿಸುತ್ತದೆ. ಬೋಕಾ ರೇಟನ್ನಿನಲ್ಲಿ ಹಸುಗಳನ್ನು ತಂದವರು ಯಾರೆಂಬ ಪ್ರಶ್ನೆಯನ್ನು, ತಂದೆಯನ್ನು ನಿಂದಿಸುವ ಆತುರದಲ್ಲಿ, ಬಹುಮಂದಿ ಕೇಳಲಿಲ್ಲ.

ಗಾಫ್ 2023ರಲ್ಲಿ, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಅಮೆರಿಕಾದ ಪಂದ್ಯಾವಳಿಯನ್ನು ಗೆದ್ದಳು. ಕ್ಯಾಪ್ರಿಯಾಟಿಗೆ ಹತ್ತೊಂಬತ್ತು ತುಂಬಿದ್ದು ಒಂದು ಪಂದ್ಯವನ್ನೂ ಆಡದ 1995ರಲ್ಲಿ. ನಿಯಮದ ಪರವಾಗಿರುವವರಿಗೆ ಈ ಹೋಲಿಕೆ ಬಹಳ ರುಚಿಸಬಹುದು. ಆದರೆ ಇದೂ ಫಲದ ಹೋಲಿಕೆಯೇ; ಮೇಲೆ ನಿರಾಕರಿಸಿದ ತರ್ಕವನ್ನು ಇಲ್ಲಿ ಅನುಕೂಲವೆಂದು ಕೈಗೆತ್ತಿಕೊಳ್ಳಲಾಗದು. ಇದಲ್ಲದೆ, ಮಿತಿಯೊಳಗೇ ಆಡುತ್ತಿದ್ದ ಗಾಫ್, ವಿಂಬಲ್ಡನ್ನಿಗೆ ಮುಂಚಿನ ಒಂದು ವರ್ಷದಲ್ಲಿ ಮನಸ್ಸು ಬಹಳ ಕುಗ್ಗಿಹೋಗಿತ್ತೆಂದೂ, ಈ ಆಟ ತನಗೆ ನಿಜವಾಗಿ ಬೇಕೇ ಎಂದು ಯೋಚಿಸಿದ್ದುಂಟೆಂದೂ 2020ರಲ್ಲಿ ತಾನೇ ಬಹಿರಂಗವಾಗಿ ಹೇಳಿಕೊಂಡಳು. ಪಂದ್ಯಾವಳಿಗಳನ್ನು ಎಣಿಸಬಲ್ಲ ನಿಯಮವು ಮಗುವಿನ ಮೇಲಿರುವ ಕಣ್ಣುಗಳನ್ನು ಎಣಿಸಲಾರದು. ಆದರೆ ತನಗೆ ಇದು ಬೇಕೇ ಎಂದು ಹದಿನಾಲ್ಕರ ಹುಡುಗಿ ಕೇಳಿಕೊಂಡಾಗ, ‘ಬೇಡ’ ಎಂಬ ಉತ್ತರಕ್ಕೂ ಆ ವರ್ಷದಲ್ಲಿ ಸ್ವಲ್ಪ ಜಾಗ ಉಳಿದಿತ್ತು. ಬೋಕಾ ರೇಟನ್ನಿನ ಅಂಗಣಕ್ಕೆ 1990ರ ಮಾರ್ಚಿಯಲ್ಲಿ ಇಳಿದ ಹುಡುಗಿಯ ಒಪ್ಪಂದದ ಕಾಗದಗಳಲ್ಲಿ ಆ ಜಾಗ ಇರಲಿಲ್ಲ.