ನೀರೊಳಗಿನ ಹೊಸ್ತಿಲು

ಬಾದಾಮಿಗೆ ಹೋಗಿಬರೋಣ ಎಂದಾಗ ಅವ್ವ ಕೇಳಿದ್ದು ಒಂದೇ ಮಾತು: “ಅಲ್ಲಿ ಕೆರಿ ತುಂಬೇತೇನು?”

ಗುಹೆಗಳ ಬಗ್ಗೆ ಕೇಳಲಿಲ್ಲ, ಕೋಟೆಯ ಬಗ್ಗೆಯೂ ಕೇಳಲಿಲ್ಲ. ಹೊರ್ತಿಯವರಿಗೆ ಇದು ಸಹಜ. ನಮ್ಮ ಇಂಡಿ ತಾಲ್ಲೂಕಿನಲ್ಲಿ ಕಣ್ಣು ಹಾಯುವಷ್ಟು ದೂರ ಬಯಲು. ಜೋಳ, ತೊಗರಿ, ನಡುನಡುವೆ ಲಿಂಬೆಯ ತೋಟ. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಲಿಂಬೆ ಗಿಡಗಳನ್ನು ಉಳಿಸಿಕೊಳ್ಳಲು ಸಾಲ ಮಾಡಿ ಟ್ಯಾಂಕರ್ ನೀರು ಹಾಕಿದವರು ನಾವು. ಪೈಪಿನ ಬಾಯಿಂದ ಬಿದ್ದ ನೀರನ್ನು ಬೇರು ಹೀರಿಕೊಳ್ಳುವವರೆಗೆ ಅವ್ವ ಗಿಡದ ಬುಡದಲ್ಲೇ ನಿಂತಿರುತ್ತಿದ್ದಳು, ಹಸುಗೂಸಿಗೆ ಹಾಲು ಕುಡಿಸಿದ ಹಾಗೆ. ರೇವಣಸಿದ್ಧೇಶ್ವರ ಏತ ನೀರಾವರಿಯ ನೀರಿಗಾಗಿ ನಮ್ಮ ಭಾಗ ವರ್ಷಗಟ್ಟಲೆ ಕಾದಿದೆ. ಬೆಟ್ಟ, ಕೆರೆ ನೋಡಲು ಹೊರಟರೂ ಈ ಕಾಯುವಿಕೆಯನ್ನು ಮನೆಯಲ್ಲಿ ಬಿಟ್ಟು ಹೋಗಲು ಆಗುವುದಿಲ್ಲ.

ವಿಜಯಪುರ ದಾಟಿ ಕೊಲ್ಹಾರ ತಲುಪಿದಾಗ ಬಿಸಿಲು ಏರಿತ್ತು. ಮುಂದೆ ಕೃಷ್ಣೆ. ಆಲಮಟ್ಟಿಯ ಹಿನ್ನೀರು ಆಚೆ ದಡ ಕಾಣದಷ್ಟು ಹರಡಿತ್ತು. ಸೇತುವೆ ಸುಮಾರು ಮೂರು ಕಿಲೋಮೀಟರ್ ಉದ್ದ. ಇಲ್ಲಿಯ ಮೊಸರಿಗೆ ಹೆಸರಿದೆ. ಗಡಿಗೆ ಬೋರಲು ಹಾಕಿದರೂ ಬೀಳುವುದಿಲ್ಲ ಎನ್ನುತ್ತಾರೆ. ರಸ್ತೆಬದಿ ಗಡಿಗೆ ಸಾಲಾಗಿ ಇಟ್ಟುಕೊಂಡು ಕುಳಿತಿದ್ದ ಹೆಂಗಸಿನ ಹತ್ತಿರ ನಿಂತೆವು. ಅವ್ವ ನೀರಿನಿಂದ ಕಣ್ಣು ಕೀಳದೆ, “ಎಷ್ಟ ಚಂದ ಐತೆವ್ವಾ ನಿಮ್ಮೂರು” ಎಂದಳು.

“ನಮ್ಮೂರು ಇದಲ್ಲಬೇ ಯವ್ವಾ. ನಮ್ಮೂರು ಅಲ್ಲೈತಿ,” ಎಂದು ಆಕೆ ನೀರಿನತ್ತ ಕೈ ಮಾಡಿದಳು. “ಬ್ಯಾಸಗ್ಯಾಗ ನೀರು ಇಳದ್ರ ಗ್ವಾಡಿ ಕಾಣತಾವ. ನಾ ನಡ್ಯಾಕ ಬಂದದ್ದ ಆ ಹೊಸ್ತಲ ಮ್ಯಾಲ.”

ಅವ್ವ ಮತ್ತೆ ಚಂದ ಎನ್ನಲಿಲ್ಲ.

ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ, ಲಾಲ್ ಬಹಾದ್ದೂರ್ ಶಾಸ್ತ್ರಿಯವರ ಕೈಯಿಂದ. ಆಮೇಲಿನ ದಶಕಗಳಲ್ಲಿ ನೀರು ಏರಿದಂತೆ ಹಳೆಯ ಕೊಲ್ಹಾರ ಹೋಯಿತು, ಹಳೆ ಬಾಗಲಕೋಟೆಯ ಓಣಿಗಳು ಹೋದವು, ನವನಗರ ಎದ್ದಿತು. ಈಗ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಬೇಕೆಂಬ ಮಾತಿದೆ. ನಮ್ಮೂರ ಕಟ್ಟೆಯ ಮೇಲೆ ಆ ಅಂಕಿ ಕೇಳಿದರೆ ಮುಖ ಅರಳುತ್ತದೆ, ನನ್ನದೂ. ಅದೇ ಅಂಕಿ ಕೇಳಿ ಹಿನ್ನೀರಿನ ದಂಡೆಯಲ್ಲಿ ಯಾರೋ ತಮ್ಮ ಮನೆಯ ಗೋಡೆಯನ್ನು ಕಣ್ಣಲ್ಲೇ ಅಳೆಯುತ್ತಿರುತ್ತಾರೆ ಎಂಬುದು ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ನೀರು ಬೇಡವೆನ್ನುವ ಸ್ಥಿತಿಯಲ್ಲಿ ನಾವಿಲ್ಲ. ಆದರೆ ಅದು ಎಲ್ಲಿಂದ ಬರುತ್ತದೆ ಎಂದು ಕೇಳದೆ ಕುಡಿಯುವುದೂ ಸರಿಯಲ್ಲ.

ಆ ಭಾರ ಹೊತ್ತೇ ಬಾದಾಮಿ ಮುಟ್ಟಿದೆವು. ಕೆಂಪು ಬಂಡೆಗಳ ನಡುವೆ ಅಗಸ್ತ್ಯತೀರ್ಥ ಹಸಿರಾಗಿ ನಿಂತಿತ್ತು. ಮೆಟ್ಟಿಲ ಮೇಲೆ ಹೆಂಗಸರು ಬಟ್ಟೆ ಒಗೆಯುವ ಸಪ್ಪಳ ಎದುರಿನ ಗುಡ್ಡಕ್ಕೆ ಬಡಿದು ಹಿಂದಿರುಗುತ್ತಿತ್ತು. ಅವ್ವ ಕೆಳಗಿಳಿದು ಬೊಗಸೆ ನೀರನ್ನು ಕಣ್ಣಿಗೆ ಒತ್ತಿಕೊಂಡಳು. ನಾನು ಗುಹೆಗಳಿಗೆ ಹತ್ತಿದೆ. ಮೂರನೆಯ ಗುಹೆಯನ್ನು ಮಂಗಲೇಶ ಕೊರೆಸಿದ್ದು 578ರಲ್ಲಿ. ಹದಿನಾಲ್ಕೂವರೆ ಶತಮಾನದ ಆ ವಿಷ್ಣುವಿನ ಮುಂದೆ ನಿಂತರೆ ಮಾತು ಬರುವುದಿಲ್ಲ.

ಆದರೆ ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಇದೇ ಊರಿನ ಬಂಡೆಯೊಂದರ ಮೇಲೆ ಪಲ್ಲವ ನರಸಿಂಹವರ್ಮನ ಶಾಸನವಿದೆ. 642ರ ಸುಮಾರಿಗೆ ಇಮ್ಮಡಿ ಪುಲಿಕೇಶಿಯನ್ನು ಸೋಲಿಸಿ ವಾತಾಪಿಯನ್ನು, ಅಂದರೆ ಈ ಬಾದಾಮಿಯನ್ನು, ಹಿಡಿದ ಆತ ‘ವಾತಾಪಿಕೊಂಡ’ ಎಂಬ ಬಿರುದನ್ನೇ ಹೊತ್ತ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಈ ಕೆರೆ, ಈ ಗುಡ್ಡ, ಈ ಗುಹೆ ಎಲ್ಲವೂ ಗೆದ್ದವರ ಕೈಯಲ್ಲಿದ್ದವು. ಒಂದು ಶತಮಾನದ ಬಳಿಕ ಪುಲಿಕೇಶಿಯ ವಂಶದ ಇಮ್ಮಡಿ ವಿಕ್ರಮಾದಿತ್ಯ ಪಲ್ಲವರ ಕಂಚಿಯನ್ನು ಗೆದ್ದ. ಸೇಡು ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಆತ ಊರನ್ನು ಹಾಳುಗೆಡವಲಿಲ್ಲ. ರಾಜಸಿಂಹೇಶ್ವರ ಗುಡಿಯ ಸಂಪತ್ತನ್ನು ನೋಡಿ, ಅದನ್ನು ದೇವರಿಗೇ ಮರಳಿ ಬಿಟ್ಟ. ಈ ಮಾತು ಕಂಚಿಯ ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲೇ ಕೊರೆದಿದೆ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ ಮಲಪ್ರಭೆಯ ದಂಡೆಯ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ್ದೇ ಇಂದಿನ ವಿರೂಪಾಕ್ಷ ಗುಡಿ. ಸೋತ ಕಂಚಿಯ ಗುಡಿಯ ರೂಪವನ್ನೇ ಗೌರವದಿಂದ ಎತ್ತಿಕೊಂಡ ಗುಡಿ ಅದು.

ಮರುದಿನ ಆ ಗುಡಿಯ ನೆರಳಲ್ಲಿ ಕುಳಿತು ಅವ್ವನಿಗೆ ಈ ಕತೆ ಹೇಳಿದೆ. ವಿಕ್ರಮಾದಿತ್ಯನಿಗೆ ಊರು ಕಳೆದುಕೊಂಡ ಹಿರಿಯರ ನೋವು ಮನೆಮಾತಾಗಿ ತಿಳಿದಿದ್ದಿರಬೇಕು, ಅದಕ್ಕೇ ಕೈ ತಡೆದ ಎಂಬುದು ನನ್ನ ಊಹೆ. ಅವ್ವ ಬಹಳ ಹೊತ್ತು ಕಂಬದ ಮೇಲಿನ ಕೆತ್ತನೆಯನ್ನು ಬೆರಳಿಂದ ಸವರುತ್ತಿದ್ದಳು. ಆಮೇಲೆ ಅಂದಳು: “ಗೆದ್ದಂವ ಕೊಡಬೇಕು ನೋಡು. ಸೋತವ್ರಿಗೆ ಕೊಡಾಕ ಏನಿರತೈತಿ?”

ಮರಳುವಾಗ ಕೊಲ್ಹಾರದಲ್ಲಿ ಗಾಡಿ ನಿಲ್ಲಿಸಲು ಹೇಳಿದ್ದು ಆಕೆಯೇ. ದಾರಿಗೆಂದು ತಂದಿದ್ದ ಲಿಂಬೆಗಳಲ್ಲಿ ಹನ್ನೆರಡೋ ಹದಿಮೂರೋ ಉಳಿದಿದ್ದವು. ಅಷ್ಟನ್ನೂ ಆ ಹೆಂಗಸಿನ ಉಡಿಗೆ ಹಾಕಿದಳು.

“ಇವು ಟ್ಯಾಂಕರ ನೀರಿನವು ತಂಗಿ. ನಿಮ್ಮ ನೀರು ನಮ್ಮ ಹೊಲಕ್ಕ ಬಂದ ಮ್ಯಾಲ ಮತ್ತ ತರತೀನಿ.”

ಆಕೆ ಒಂದು ಹಣ್ಣನ್ನು ಉಗುರಿನಿಂದ ಗೀರಿ ಮೂಸಿ ನೋಡಿದಳು. ಸೆರಗಿಗೆ ಗಂಟು ಹಾಕಿಕೊಳ್ಳುತ್ತ, “ತರ್ರಿ ಎಕ್ಕಾ. ಇಲ್ಲೇ ಇರತೀನಿ,” ಎಂದವಳು ಹಿನ್ನೀರಿನತ್ತ ಒಮ್ಮೆ ನೋಡಿ, “ನೀರು ಇಲ್ಲೀತನಾ ಏರದಿದ್ರ,” ಎಂದಳು.