ಆ ಒಂದು ಲಾಡು

ಹಬ್ಬದ ಬಲಿಪೂಜೆ ಮುಗಿದು ದೇವಾಲಯದ ಅಂಗಳದಲ್ಲಿ ಲಾಡು ಹಂಚುತ್ತಿದ್ದೆವು. ಹಿರಿಯ ತಾಯಿಯೊಬ್ಬರು ಕೈ ಹಿಂದಕ್ಕೆ ಎಳೆದುಕೊಂಡರು. “ಹಬ್ಬದ ದಿನ ಒಂದರಿಂದ ಏನೂ ಆಗೂದಿಲ್ಲ, ತಗೋರಿ ಅವ್ವಾ” ಎಂದು ನಾನೇ ಅವರ ಅಂಗೈಯಲ್ಲಿಟ್ಟೆ. ಅವರು ನಕ್ಕು ತಿಂದರು. ಅಂದು ಅವರು ಹೋದ ನಾಲ್ಕು ಮನೆಗಳಲ್ಲೂ ಇದೇ ಮಾತು, ಇದೇ ಒತ್ತಾಯ. ಮರುದಿನ ಆಸ್ಪತ್ರೆಯಲ್ಲಿ ನೋಡಿದಾಗ ರಕ್ತದ ಸಕ್ಕರೆ 400 ದಾಟಿತ್ತು. “ಬ್ಯಾಡ ಅನ್ನಬೇಕಿತ್ತಲ್ರಿ” ಎಂದೆ. “ನೀವ ಕೊಟ್ಟಿದ್ದನ್ನ ಹ್ಯಾಂಗ ಬ್ಯಾಡ ಅನ್ಲಿ, ಫಾದರ್?” ಎಂದರು.

ಪ್ರಿಯ ಓದುಗರೇ, ಆ ಉತ್ತರ ನನ್ನ ಮನಸ್ಸಾಕ್ಷಿಯನ್ನು ಇಂದಿಗೂ ಬಿಟ್ಟಿಲ್ಲ. ಪ್ರೀತಿಯಿಂದ ಕೊಟ್ಟದ್ದು ಪಡೆದವರಿಗೆ ಕೇಡು ಮಾಡಿದರೆ ಅದನ್ನು ಪ್ರೀತಿ ಎನ್ನಬಹುದೇ?

ಪ್ರೀತಿಸುವುದೆಂದರೆ ಇನ್ನೊಬ್ಬರ ಒಳಿತನ್ನು ಬಯಸುವುದು ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಗುರುಮಠದಲ್ಲಿ ಅದನ್ನು ಬಾಯಿಪಾಠ ಮಾಡಿದವನು ನಾನು. ಆದರೆ ಅಂದು ನಾನು ಬಯಸಿದ್ದು ಕೊಡುವ ನನ್ನ ಸಂತೋಷವನ್ನು, ಆ ತಾಯಿಯ ಒಳಿತನ್ನಲ್ಲ. ಬೆಟಗೇರಿಯ ನೇಕಾರನ ಮನೆಯಿರಲಿ, ಮುಂಡರಗಿಯ ರೈತನ ಮನೆಯಿರಲಿ, ಬಂದವರಿಗೆ ಸಕ್ಕರೆ ಸುರಿದ ಚಹಾ ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಬೇಡವೆಂದರೆ ಮನೆಯನ್ನೇ ಬೇಡವೆಂದಂತೆ. ಒಳ್ಳೆಯ ಈ ಗುಣವೇ ರೋಗಿಗೆ ದಿನಕ್ಕೆ ಹತ್ತು ಸಲ ಎದುರಿಸಬೇಕಾದ ಶೋಧನೆಯಾಗುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ನಮ್ಮ ದೇವಾಲಯದ ಬೆಂಚುಗಳಲ್ಲೂ ಅವರು ಕುಳಿತಿದ್ದಾರೆ.

ಇದಕ್ಕೆ ಎದುರಾದ ತಪ್ಪೂ ಉಂಟು. ಕೆಲವು ಮನೆಗಳಲ್ಲಿ ರೋಗಿಯ ಗಂಗಾಳದ ಮೇಲೆ ಎಲ್ಲರ ಕಣ್ಣು. ಒಂದು ತುತ್ತು ಹೆಚ್ಚಾದರೆ ಬೈಗುಳ. “ನಾಲಿಗೆ ಹಿಡಿತದಲ್ಲಿಲ್ಲ, ಅದಕ್ಕೇ ಬಂತು” ಎಂಬ ತೀರ್ಪು. ಹುಟ್ಟು ಕುರುಡನನ್ನು ಕಂಡು ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ ಯೇಸುಸ್ವಾಮಿ ಆ ಲೆಕ್ಕಾಚಾರವನ್ನೇ ತಳ್ಳಿಹಾಕಿದರು. ಎಳೆಯ ಮಕ್ಕಳಿಗೆ ಬರುವ ಒಂದು ಬಗೆಯ ಮಧುಮೇಹಕ್ಕೂ ಸಿಹಿ ತಿನ್ನುವುದಕ್ಕೂ ಸಂಬಂಧವೇ ಇಲ್ಲ. ಆದರೂ ಮದುವೆಗೆ ಅಡ್ಡಿಯಾದೀತೆಂದು ಹೆಣ್ಣುಮಕ್ಕಳ ಇನ್ಸುಲಿನ್ನನ್ನು ಮುಚ್ಚಿಡುವ ತಂದೆ-ತಾಯಂದಿರಿದ್ದಾರೆ. ಮುಚ್ಚಿಡುವ ಮನೆಯಲ್ಲಿ ಸೂಜಿ ತಪ್ಪುತ್ತದೆ. ಅಂಥ ಮಗುವಿಗೆ ಸೂಜಿ ತಪ್ಪಿದರೆ ಪ್ರಾಣಕ್ಕೇ ಅಪಾಯ. ಈ ಭಯವನ್ನು ಹುಟ್ಟಿಸಿದವರು ಯಾರು? ನಾವೇ ಅಲ್ಲವೇ?

ಹಾಗಾದರೆ ಮಾಡಬೇಕಾದದ್ದೇನು? ಮಾರ್ಕನ ಶುಭಸಂದೇಶದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ತೆಗೆದು, ಪ್ರಭುವಿನ ಮುಂದೆ ಇಳಿಸಿದರು. ಅವರು ಉಪದೇಶ ಮಾಡಲಿಲ್ಲ, ಹೆಗಲು ಕೊಟ್ಟರು. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ತಪಾಸಣೆಯ ವ್ಯವಸ್ಥೆಯಿದೆ. ಶಿರಹಟ್ಟಿ, ಲಕ್ಷ್ಮೇಶ್ವರದ ಹಳ್ಳಿಗಳಲ್ಲಿ ಒಂಟಿಯಾಗಿರುವ ಮುದುಕರ ಜೊತೆ ಒಂದು ದಿನ ಬಸ್ಸು ಹತ್ತುವುದೂ ಹೆಗಲು ಕೊಟ್ಟಂತೆಯೇ. ಕಾಲಿನ ಸ್ಪರ್ಶ ಕಳೆದುಕೊಂಡವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಹೊಲಕ್ಕೆ ಬರಿಗಾಲಲ್ಲಿ ಹೋಗದಂತೆ ನೋಡಿಕೊಳ್ಳಿ, ಸಂಜೆ ಅವರ ಪಾದ ನೋಡಿ. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಊಟ ತಪ್ಪಿಸಿದಾಗ ಬೆವತು, ನಡುಗಿ, ತೊದಲಬಹುದು. ಕುಡಿದಿದ್ದಾರೆಂದು ತಿಳಿಯಬೇಡಿ. ಪ್ರಜ್ಞೆಯಿದ್ದರೆ ತಕ್ಷಣ ಸಕ್ಕರೆ ನೀರು ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಿರಿ.

ತಪಸ್ಸುಕಾಲದ ಉಪವಾಸದ ಬಗ್ಗೆಯೂ ಒಂದು ಮಾತು. ಧರ್ಮಸಭೆ ರೋಗಿಗಳ ಮೇಲೆ ಉಪವಾಸದ ಹೊರೆ ಹೇರುವುದಿಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಿಂದಲೂ ವೃದ್ಧರಿಗೆ, ರೋಗಿಗಳಿಗೆ, ಅವರ ಆರೈಕೆ ಮಾಡುವವರಿಗೆ ವಿನಾಯಿತಿಯಿದೆ. ನೀರು ಮತ್ತು ಔಷಧ ಯಾರಿಗೂ ಅಡ್ಡಿಯಲ್ಲ. ಮಾತ್ರೆ ಬಿಟ್ಟು ದೇವರನ್ನು ಮೆಚ್ಚಿಸಬಹುದೆಂದು ಯಾರೂ ಭಾವಿಸಬಾರದು.

ಹಂಚಿಕೊಂಡು ಬದುಕುವುದು ನಮ್ಮ ನೆಲಕ್ಕೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರ ಸಂಘ ಕಟ್ಟಿದರು. ಒಬ್ಬನಿಂದ ತೀರದ ಸಾಲದ ಭಾರವನ್ನು ಊರೇ ಹೊರಬಹುದೆಂದು ತೋರಿಸಿದರು. ಜೀವನವಿಡೀ ಜೊತೆಗಿರುವ ಕಾಯಿಲೆಯ ಭಾರವೂ ಅಂಥದ್ದೇ.

ಈಗ ನಮ್ಮ ಅಂಗಳದಲ್ಲಿ ಹಬ್ಬದಂದು ಎರಡು ತಟ್ಟೆ ಇಡುತ್ತೇವೆ: ಒಂದರಲ್ಲಿ ಲಾಡು, ಇನ್ನೊಂದರಲ್ಲಿ ಹುರಿದ ಶೇಂಗಾ. ಯಾರು ಯಾವುದನ್ನು ತೆಗೆದುಕೊಂಡರೂ ಯಾರೂ ಕಾರಣ ಕೇಳುವುದಿಲ್ಲ. ಮೊದಲ ವರ್ಷ ಆ ತಾಯಿ ಶೇಂಗಾ ಹಿಡಿದು ನನ್ನ ಕಡೆ ನೋಡಿ ನಕ್ಕರು. ಆ ನಗು ಅಂದಿನದಕ್ಕಿಂತ ಬೇರೆಯಾಗಿತ್ತು.

ನಾಳೆ ನಿಮ್ಮ ಮನೆಗೆ ಯಾರಾದರೂ ಬಂದರೆ ಒಲೆ ಹೊತ್ತಿಸುವ ಮೊದಲು ಒಂದು ಮಾತು ಕೇಳಿ: “ಚಹಾಕ್ಕ ಸಕ್ರಿ ಹಾಕ್ಲೇನ್ರಿ?” ಅವರು ಬೇಡವೆಂದರೆ ಎರಡನೆಯ ಸಲ ಕೇಳಬೇಡಿ.